ಸೋಫಾದಿಂದ ಕಾಂಪೌಂಡ್ ಗೋಡೆಯವರೆಗೆ: ಒಳಾಂಗಣ ಮತ್ತು ತೋಟದ ವಿನ್ಯಾಸ ಒಟ್ಟಿಗೆ ಕಲಿತ ಒಂದು ಪ್ರಕರಣ

ಇಂಟೀರಿಯರ್ ಡಿಸೈನ್ ಕಲಿಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ಅದರ ಜೊತೆಗೇ ಲ್ಯಾಂಡ್‌ಸ್ಕೇಪ್ ಮತ್ತು ತೋಟದ ವಿನ್ಯಾಸದ ಕೋರ್ಸಿಗೂ ಸೇರಿದ್ದಳು. ಎರಡೂ ಕಡೆಯ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಒಂದೇ ಮನೆ, ಅವಳ ದೊಡ್ಡಮ್ಮನದು. ಒಂದು ತರಗತಿಗೆ ಆ ಮನೆಯ ಹಾಲ್, ಇನ್ನೊಂದಕ್ಕೆ ಹಾಲ್ ಹಿಂದಿನ ಹಿತ್ತಲು. ಎರಡು ವಿನ್ಯಾಸದ ಹಾಳೆಗೂ ಒಳ್ಳೆಯ ಅಂಕ ಬಂತು. ‘ಹಾಗಾದ್ರೆ ಇದನ್ನೇ ಮಾಡಿಸಿಬಿಡೋಣ’ ಎಂದು ದೊಡ್ಡಮ್ಮ ಹೇಳಿದ ಮೇಲೆ ಎರಡೂ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಮೇಜಿನ ಮೇಲೆ ಅಕ್ಕಪಕ್ಕ ಹರಡಿ ನೋಡಿದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿತ್ತು.

ಒಳಗಿನ ಹಾಳೆಯಲ್ಲಿ ಸೋಫಾ ಹಿತ್ತಲಿಗೆ ಬೆನ್ನು ಹಾಕಿತ್ತು. ಹೊರಗಿನ ಹಾಳೆಯಲ್ಲಿ ಹಿತ್ತಲಿನ ನಟ್ಟನಡುವೆ ಒಂದು ಕಾರಂಜಿ. ಅದನ್ನು ಯಾರು ನೋಡಬೇಕು? ಒಳಗೆ ಬಿಸಿಲಿಗೆ ಹೆದರಿ ಎರಡು ಪದರದ ದಪ್ಪ ಕರ್ಟನ್. ಹೊರಗೆ ಗಾಜಿನ ಬಾಗಿಲಿನ ಮುಂದೆಯೇ ತಿಳಿ ಬಣ್ಣದ ಟೈಲ್ಸ್ ಹಾಸು. ಅದು ಬಿಸಿಲನ್ನೂ ಕಾವನ್ನೂ ನೇರ ಹಾಲ್‌ಗೆ ತಳ್ಳುತ್ತದೆ. ಎರಡು ಹಾಳೆಯಲ್ಲೂ ‘ಒಳಗು ಹೊರಗು ಒಂದಾಗುವ ವಿನ್ಯಾಸ’ ಎಂಬ ಸಾಲು ಮಾತ್ರ ತಪ್ಪದೆ ಇತ್ತು!

ಇದು ಅವಳೊಬ್ಬಳ ದೋಷ ಅಂತ ನನಗನ್ನಿಸಲಿಲ್ಲ. ಒಂದು ತರಗತಿ ಗಾಜಿನವರೆಗೆ ಬಂದು ನಿಲ್ಲುತ್ತದೆ, ಇನ್ನೊಂದು ಗಾಜಿನಿಂದ ಆಚೆಗೆ ಶುರುವಾಗುತ್ತದೆ. ಕಷ್ಟದ ಪ್ರಶ್ನೆಗಳೆಲ್ಲ ಆ ಗೆರೆಯ ಮೇಲೇ ಕೂತಿರುತ್ತವೆ: ಬಿಸಿಲು, ನೀರು, ನೆಲದ ಮಟ್ಟ, ಕೂತವರ ಕಣ್ಣಿಗೆ ಏನು ಕಾಣುತ್ತದೆ ಅನ್ನೋದು. ಎರಡನ್ನೂ ಒಟ್ಟಿಗೆ ಕಲಿಯುವುದರ ಲಾಭ ಸಿಗುವುದು ಆ ಗೆರೆಯನ್ನು ದಾಟಿ ಚಿತ್ರ ಬರೆದಾಗ ಮಾತ್ರ. ಎರಡು ಸರ್ಟಿಫಿಕೇಟ್ ಸಿಕ್ಕಿದ ಮಾತ್ರಕ್ಕೆ ಅಲ್ಲ.

ಜಾಗದ ಸ್ಥಿತಿ

ನೆಲ ಅಂತಸ್ತಿನ ಮನೆ. ಹಾಲ್‌ನ ಪಶ್ಚಿಮದ ಗೋಡೆಯಲ್ಲಿ 3 ಮೀಟರ್ ಅಗಲದ, ಜಾರಿಸುವ ಗಾಜಿನ ಬಾಗಿಲು. ಅದರಾಚೆ 9 ಮೀಟರ್ ಉದ್ದ, 6 ಮೀಟರ್ ಆಳದ ಹಿತ್ತಲು. ಅದರ ಕೊನೆಗೆ 1.8 ಮೀಟರ್ ಎತ್ತರದ ಕಾಂಪೌಂಡ್. ತಾರಸಿಯ ಸುಮಾರು 70 ಚದರ ಮೀಟರ್ ಭಾಗದ ಮಳೆನೀರು ಒಂದೇ ಪೈಪಿನಲ್ಲಿ ಇಳಿದು ಬಾಗಿಲ ಪಕ್ಕದಲ್ಲೇ ಬೀಳುತ್ತಿತ್ತು. ದೊಡ್ಡಮ್ಮನಿಗೆ ಮಂಡಿ ನೋವು, ಮೆಟ್ಟಿಲು ಅಂದರೆ ಆಗದು. ಅವರ ಬೇಡಿಕೆ ಎರಡೇ: ಸಂಜೆ ಹಾಲ್‌ನಲ್ಲಿ ಕೂರಲು ಆಗಬೇಕು, ಹಿತ್ತಲಿಗೆ ಹೋಗಿ ಬರಲು ಯಾರ ಕೈಯನ್ನೂ ಹಿಡಿಯಬೇಕಾಗಬಾರದು.

ನಾನು ಕೊಟ್ಟ ಕೆಲಸ ಒಂದೇ. ಎರಡೂ ಪ್ಲಾನ್ ಪಕ್ಕಕ್ಕಿಡು, ಹೊಸ ಹಾಳೆಯಲ್ಲಿ 1:50 ಸ್ಕೇಲಿನಲ್ಲಿ ಒಂದು ಸೆಕ್ಷನ್, ಅಂದರೆ ನಡುವೆ ಸೀಳಿ ಪಕ್ಕದಿಂದ ನೋಡಿದಂಥ ಚಿತ್ರ, ಬರೆ. ಹಾಲ್‌ನ ಒಳಗೋಡೆಯಿಂದ ಹೊರಟು ಸೋಫಾ, ಗಾಜು, ಹೊಸ್ತಿಲು, ಮಣ್ಣು, ಕಾಂಪೌಂಡ್ ಎಲ್ಲವನ್ನೂ ಕತ್ತರಿಸಿಕೊಂಡು ಹೋಗುವ ಒಂದೇ ಗೆರೆ. ಮಣ್ಣನ್ನು ಒಂದು ಮೀಟರ್ ಆಳದವರೆಗೂ ತೋರಿಸು. ‘ಮಣ್ಣಿನೊಳಗೆ ಏನಿದೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ ಮೇಡಂ?’ ಅಂದಳು. ‘ಅಗೆದು ನೋಡಮ್ಮ’ ಅಂದೆ.

ಮಣ್ಣು ಹೇಳಿದ್ದು

ಇಂಟೀರಿಯರ್ ಕಲಿತವರಿಗೆ ನೆಲ ಅಂದರೆ ಒಂದು ಮೇಲ್ಮೈ, ಅದರ ಮೇಲೆ ಏನು ಹಾಸಬೇಕು ಅನ್ನೋದೇ ಪ್ರಶ್ನೆ. ತೋಟಕ್ಕೆ ನೆಲ ಅಂದರೆ ಆಳ. ಯೋಚನೆಯ ಈ ಬದಲಾವಣೆ ಬರೀ ಪುಸ್ತಕ ಓದಿದರೆ ಆಗುವುದಿಲ್ಲ.

ಬಾಗಿಲ ಹತ್ತಿರ ಒಂದು, ದೂರದ ಮೂಲೆಯಲ್ಲಿ ಒಂದು, ತಲಾ 30 ಸೆಂಟಿಮೀಟರ್ ಆಳದ ಗುಂಡಿ ತೋಡಿದಳು. ಬಾಗಿಲ ಹತ್ತಿರದ್ದು ತೋಡುವುದಕ್ಕೇ ಅರ್ಧ ದಿನ ಹಿಡಿಯಿತು. ಗುದ್ದಲಿ ಕಣ್ ಕಣ್ ಅನ್ನುತ್ತಿತ್ತು. ಇಟ್ಟಿಗೆ ಚೂರು, ಗಾರೆ ಉಂಡೆ, ತಂತಿ ತುಂಡು ಎಲ್ಲ ಮೇಲೆ ಬಂತು. ಮನೆ ಕಟ್ಟಿದಾಗಿನ ಕಸವನ್ನು ಅಲ್ಲೇ ತುಂಬಿ, ಮೇಲೊಂದು ಗೇಣು ಕೆಂಪು ಮಣ್ಣು ಹರಡಿದ್ದರು. ಲಾರಿ, ಕಾಂಕ್ರೀಟ್ ಮಿಕ್ಸರ್ ನಿಂತು ನಿಂತು ನೆಲ ಗಟ್ಟಿಯಾಗಿತ್ತು. ಸಿಮೆಂಟ್ ಸೇರಿದ ಮಣ್ಣಿನಲ್ಲಿ ಕ್ಷಾರ ಜಾಸ್ತಿಯಾಗುತ್ತದೆ. ಆಮ್ಲೀಯ ಮಣ್ಣು ಬಯಸುವ ಗಿಡ ಅಲ್ಲಿ ಎಲೆ ಹಳದಿ ಮಾಡಿಕೊಂಡು ಕೊರಗುತ್ತದೆ. ಅವಳ ಮೊದಲ ಹಾಳೆಯಲ್ಲಿ ಮುಖ್ಯ ಮರ ನಿಂತಿದ್ದದ್ದು ಸರಿಯಾಗಿ ಇದೇ ಜಾಗದಲ್ಲಿ.

ಗುಂಡಿಗೆ ನೀರು ತುಂಬಿ, ಒಮ್ಮೆ ಪೂರ್ತಿ ಇಂಗಲು ಬಿಟ್ಟು, ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಬೇಕು. ಎರಡನೇ ಸಲದ ಲೆಕ್ಕವನ್ನೇ ನಂಬಬೇಕು, ಏಕೆಂದರೆ ಒಣ ಮಣ್ಣು ಮೊದಲ ನೀರನ್ನು ಗಟಗಟ ಕುಡಿದುಬಿಡುತ್ತದೆ. ಬಾಗಿಲ ಹತ್ತಿರ ಗಂಟೆಗೆ 6 ಮಿಲಿಮೀಟರ್. ದೂರದ ಮೂಲೆಯಲ್ಲಿ 25. ಒಂದೇ ಹಿತ್ತಲು, ನಾಲ್ಕು ಪಟ್ಟು ವ್ಯತ್ಯಾಸ!

ಆ ಮೂಲೆಯ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನ ಜೊತೆ ಕುಲುಕಿ ಇಟ್ಟಳು. ಮರಳು ನಿಮಿಷದೊಳಗೆ ತಳ ಸೇರುತ್ತದೆ, ನಯವಾದ ಗೋಡು ಕೆಲವು ಗಂಟೆಯಲ್ಲಿ, ಜೇಡಿ ಒಂದು ದಿನವೋ ಅದಕ್ಕಿಂತ ಹೆಚ್ಚೋ ತೆಗೆದುಕೊಳ್ಳುತ್ತದೆ. ಮೂರೂ ಪದರ ಸ್ಪಷ್ಟವಾಗಿ ಕಂಡಿತು. ಹೊರಗಿನಿಂದ ಲೋಡುಗಟ್ಟಲೆ ಮಣ್ಣು ತರಿಸುವ ಅಗತ್ಯ ಇಲ್ಲ ಎಂದು ತೀರ್ಮಾನಿಸಲು ಅಷ್ಟು ಸಾಕಾಯಿತು. ಕಸ ತೆಗೆದು, ಸಡಿಲಿಸಿ, ಕಾಂಪೋಸ್ಟ್ ಬೆರೆಸಿ, ಮೇಲೆ ಒಂದು ಮುಚ್ಚಿಗೆ (ಮಲ್ಚ್) ಕೊಟ್ಟರೆ ಆಯಿತು.

ಅಂದ ಹಾಗೆ, ಅವಳ ಪಟ್ಟಿಯಲ್ಲಿ ಚೀಲಗಟ್ಟಲೆ ಪೀಟ್, ಅಂದರೆ ಜೌಗು ನೆಲದಲ್ಲಿ ಅರೆಕೊಳೆತ ಸಸ್ಯಗಳಿಂದಾದ ಮಣ್ಣು, ಇತ್ತು. ಅದನ್ನು ಹೊಡೆದುಹಾಕಿಸಿದೆ. ಪೀಟ್ ಇರುವ ಜೌಗು ನೆಲ ಭೂಮಿಯ ಒಣನೆಲದಲ್ಲಿ ಸುಮಾರು 3 ಶೇಕಡಾ ಮಾತ್ರ. ಆದರೆ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳು ಸೇರಿ ಹಿಡಿದಿಟ್ಟುಕೊಂಡಿರುವುದಕ್ಕಿಂತ ಹೆಚ್ಚು ಇಂಗಾಲ ಅಲ್ಲಿದೆ. ಅದನ್ನು ಬಗೆದು ತಂದು ಹೂಕುಂಡಕ್ಕೆ ತುಂಬಿ ‘ಪರಿಸರಸ್ನೇಹಿ ತೋಟ’ ಅನ್ನುವುದು ನನಗಂತೂ ಒಪ್ಪಿಗೆಯಾಗದ ಮಾತು.

ಪಶ್ಚಿಮದ ಬಿಸಿಲು

ಇಡೀ ಪ್ರಕರಣದಲ್ಲಿ ಹೆಚ್ಚು ತಲೆ ತಿಂದದ್ದು ಇದೇ. ಬಿಸಿಲಿಗೆ ಇಂಟೀರಿಯರ್ ತರಗತಿಯ ಉತ್ತರ ಕರ್ಟನ್. ಆದರೆ ಬಿಸಿಲು ಗಾಜು ದಾಟಿ ಕರ್ಟನ್ ಮುಟ್ಟುವ ಹೊತ್ತಿಗೆ ಕಾವು ಮನೆಯೊಳಗೆ ಬಂದಾಗಿರುತ್ತದೆ. ಬಿಸಿಯಾದ ಬಟ್ಟೆ ಆ ಕಾವನ್ನು ಕೋಣೆಗೇ ಬಿಡುತ್ತದೆ. ತಡೆಯಬೇಕಾದದ್ದು ಗಾಜಿನ ಹೊರಗೆ. ಅಂದರೆ ಹಾಲ್ ತಂಪಾಗಿಸುವ ಕೆಲಸ ಅರ್ಧಕ್ಕರ್ಧ ತೋಟದ್ದು.

ಇದು ತಿಳಿದ ಕೂಡಲೇ ಅವಳು ಉತ್ಸಾಹದಿಂದ ಬಾಗಿಲ ಮುಂದೆ ಒಂದು ಚಪ್ಪರ ಬರೆದು ತಂದಳು. 2.4 ಮೀಟರ್ ಎತ್ತರ, 2.5 ಮೀಟರ್ ಮುಂಚಾಚು, ಮೇಲೆ ಬಳ್ಳಿ. ಚಿತ್ರ ಚೆನ್ನಾಗಿತ್ತು. ಸೆಕ್ಷನ್ ಮೇಲೆ ಸೂರ್ಯನ ಗೆರೆ ಎಳೆದು ನೋಡು ಅಂದೆ. ಸೂರ್ಯ ನೇರ ಎದುರಿಗಿದ್ದು, ದಿಗಂತದಿಂದ 20 ಡಿಗ್ರಿ ಮೇಲೆ ಇದ್ದಾನೆ ಅಂದುಕೊಳ್ಳಿ. ಚಪ್ಪರದ ಹೊರ ಅಂಚಿನಿಂದ ಹೊರಟ ಗೆರೆ 2.5 ಮೀಟರ್ ಒಳಗೆ ಬರುವಷ್ಟರಲ್ಲಿ ಇಳಿಯುವುದು ಸುಮಾರು 0.9 ಮೀಟರ್ ಮಾತ್ರ. ಗಾಜಿನ ಕೆಳಗಿನ ಒಂದೂವರೆ ಮೀಟರ್‌ಗೆ ಬಿಸಿಲು ಹಾಗೇ ಹೊಡೆಯುತ್ತದೆ. ಅಂದರೆ ಕೂತವರ ಮುಖಕ್ಕೇ, ಅಲ್ವಾ? 1.8 ಮೀಟರಿನ ಕಾಂಪೌಂಡ್ ಗೋಡೆಯಾದರೂ ತಡೆದೀತೇ ಎಂದರೆ, ಅದು 6 ಮೀಟರ್ ದೂರದಲ್ಲಿದೆ. ಅದರ ನೆರಳು ಗಾಜಿನವರೆಗೆ ಬರುವುದೇ ಇಲ್ಲ.

ನೆತ್ತಿಯ ಮೇಲಿನ ಬಿಸಿಲಿಗೆ ಅಡ್ಡ ಚಾಚು ಸಾಕು. ಪಶ್ಚಿಮದಲ್ಲಿ ಬಾಗಿ ಬರುವ ಬಿಸಿಲಿಗೆ ಲಂಬವಾಗಿ ನಿಲ್ಲುವ ಏನಾದರೂ ಬೇಕು. ಭೂಮಿಯ ಯಾವ ಭಾಗದಲ್ಲಿ ಮನೆ ಕಟ್ಟಿದರೂ ಇದು ಬದಲಾಗದು. ಕೊನೆಗೆ ಬಂದದ್ದು ಹೀಗೆ: ಚಪ್ಪರ ಉಳಿಯಿತು. ಅದರ ಹೊರ ಅಂಚಿನಲ್ಲಿ, ಮೂರು ಭಾಗದಲ್ಲಿ ಎರಡು ಭಾಗಕ್ಕೆ ಮರದ ಪಟ್ಟಿಗಳ ಜಾಲರಿ, ಅದಕ್ಕೆ ಬಳ್ಳಿ. ಉಳಿದ ಒಂದು ಭಾಗ ಖಾಲಿ, ನೋಟಕ್ಕೆ. ಆ ಖಾಲಿ ಭಾಗದ ಎದುರಿಗೆ, ಗಾಜಿನಿಂದ 4 ಮೀಟರ್ ದೂರದಲ್ಲಿ ಒಂದು ಚಿಕ್ಕ ಮರ. ಬುಡದಿಂದಲೇ ಹಲವು ಕಾಂಡ ಒಡೆಯುವ, ಕೆಳಗಿನಿಂದಲೇ ಎಲೆ ಇರುವ ಜಾತಿ. ಎತ್ತರದ ಕಾಂಡದ ಮೇಲೆ ಕೊಡೆಯಂತೆ ಹರಡುವ ಮರ ಇಲ್ಲಿ ಪ್ರಯೋಜನವಿಲ್ಲ. ಬಾಗಿದ ಬಿಸಿಲು ಅದರ ಕೆಳಗಿನಿಂದ ನುಸುಳಿ ಬರುತ್ತದೆ. ಎಲೆ ಉದುರಿಸುವ ಜಾತಿಯೋ ಹಸಿರಾಗೇ ಇರುವ ಜಾತಿಯೋ ಅನ್ನುವುದು ಆ ಊರಿನ ಚಳಿಯನ್ನು ನೋಡಿ ತೀರ್ಮಾನಿಸಬೇಕು. ಚಳಿಗಾಲದಲ್ಲಿ ಬಿಸಿಲು ಬೇಕಿದ್ದರೆ ಎಲೆ ಉದುರಿಸುವುದೇ ಸರಿ.

ಇದರಿಂದ ಒಳಗಿನ ಹಾಳೆಯೂ ಬದಲಾಯಿತು. ದಪ್ಪ ಕರ್ಟನ್ ಹೋಗಿ ತೆಳ್ಳನೆಯದು ಬಂತು. ಸೋಫಾ ಗಾಜಿಗೆ ಬೆನ್ನು ಹಾಕುವ ಬದಲು ಪಕ್ಕಕ್ಕೆ ತಿರುಗಿತು. ಕೂತವರ ಕಣ್ಣಿನ ಎತ್ತರ ನೆಲದಿಂದ ಹೆಚ್ಚುಕಡಿಮೆ 1.1ರಿಂದ 1.2 ಮೀಟರ್. ಆ ಎತ್ತರದಿಂದ ಎಳೆದ ಗೆರೆ ಕಾರಂಜಿಯ ಮೇಲಿಂದ ಹಾದು ಬೋಳು ಕಾಂಪೌಂಡಿಗೆ ಬಡಿಯುತ್ತಿತ್ತು. ಕಾರಂಜಿ ಬಿಟ್ಟು ಕಾಂಪೌಂಡಿಗೆ ಬಳ್ಳಿ ಹಬ್ಬಿಸಿದಳು. ಕಾರಂಜಿಯ ಬಗ್ಗೆ ಯಾರಿಗೂ ಬೇಸರವಾಗಲಿಲ್ಲ.

ಹೊಸ್ತಿಲು ಮತ್ತು ಮಳೆ

ಹೊರಗಿನ ನೆಲ ಒಳಗಿನ ನೆಲಕ್ಕಿಂತ ತಗ್ಗಿನಲ್ಲಿರಬೇಕು ಅನ್ನೋದು ಮೇಸ್ತ್ರಿಗಳೂ ಬಲ್ಲ ನಿಯಮ. ಗೋಡೆಗೆ ತೇವ ಏರದಂತೆ ಹಾಕಿದ ಪದರಕ್ಕಿಂತ ಹೊರಗಿನ ಮಟ್ಟ 15 ಸೆಂಟಿಮೀಟರ್ ಕೆಳಗಿರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗೆ ಮಾಡಿದರೆ ಮೆಟ್ಟಿಲು ಬರುತ್ತದೆ. ದೊಡ್ಡಮ್ಮನಿಗೆ ಮೆಟ್ಟಿಲು ಬೇಡ. ಇಂಟೀರಿಯರ್ ಹಾಳೆ ಎರಡೂ ನೆಲವನ್ನು ಒಂದೇ ಮಟ್ಟಕ್ಕೆ ತಂದು, ಒಳಗಿನ ನುಣುಪು ಟೈಲ್ಸನ್ನೇ ಹೊರಗೂ ಎಳೆದಿತ್ತು. ಮಳೆ ಬಂದರೆ ನೀರು ಒಳಗೆ, ಕಾಲಿಟ್ಟವರು ನೆಲಕ್ಕೆ.

ಒಂದೇ ಮಟ್ಟ ಇಟ್ಟುಕೊಳ್ಳಬಹುದು, ಆದರೆ ಅದಕ್ಕೆ ಷರತ್ತುಗಳಿವೆ. ಬಾಗಿಲ ಉದ್ದಕ್ಕೂ ಜಾಲರಿ ಮುಚ್ಚಿದ ಒಂದು ಸಣ್ಣ ಚರಂಡಿ, ಗೋಡೆ ಮತ್ತು ನೆಲ ಸೇರುವಲ್ಲಿ ಭದ್ರವಾದ ವಾಟರ್‌ಪ್ರೂಫಿಂಗ್, ಅಲ್ಲಿಂದಾಚೆಗೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು. ಹೊರಗೆ ಒರಟು ಮೈಯ ಕಲ್ಲು. ಒಳಗಿನ ಟೈಲ್ಸಿನ ಬಣ್ಣಕ್ಕೆ ಹತ್ತಿರದ್ದು ಹುಡುಕಿದರೆ ಸಾಕು, ಅದೇ ಟೈಲ್ಸ್ ಆಗಬೇಕಿಲ್ಲ. ಹಾಸುಕಲ್ಲು ಮುಗಿದ ಮೇಲೆ ತೋಟಕ್ಕೆ ಇಳಿಯಲು 1:20 ಇಳಿಜಾರಿನ ದಾರಿ. 1:12ರ ರ‍್ಯಾಂಪ್ ಕೂಡ ನಡೆಯುತ್ತದೆ ಅನ್ನುತ್ತಾರೆ, ಆದರೆ ಮಂಡಿ ನೋವಿನವರನ್ನು ಅದರ ಮೇಲೆ ನಡೆಸಿ ನೋಡಿದರೆ ಗೊತ್ತಾಗುತ್ತದೆ.

ಹಾಲ್‌ನಿಂದ ಕಿತ್ತ ಹಳೆಯ ಟೈಲ್ಸ್ ಒಂದು ರಾಶಿ ಬಿದ್ದಿತ್ತು. ಅದನ್ನು ಒಡೆದು ದಾರಿಯ ತಳಕ್ಕೆ ಹಾಕಿದರು. ಜಿಪ್ಸಂ ಚೂರುಗಳನ್ನು ಮಾತ್ರ ಆರಿಸಿ ತೆಗೆಯಬೇಕಾಯಿತು. ಹಳೆಯ ಕಪಾಟಿನ ಎಂಡಿಎಫ್ ಹಲಗೆಯಲ್ಲಿ ಗಿಡದ ತೊಟ್ಟಿ ಮಾಡೋಣ ಅಂದಳು, ಬೇಡ ಅಂದೆ. ಅದು ಅಂಟು ರಾಳದಲ್ಲಿ ಒತ್ತಿದ ನಾರಿನ ಪುಡಿ. ಒಂದು ಮಳೆಗೆ ಉಬ್ಬಿ ಪದರ ಬಿಡುತ್ತದೆ. ಒಳಗಿನ ಸಾಮಾನೆಲ್ಲ ಹೊರಗೆ ಮರುಬಳಕೆ ಆಗುವುದಿಲ್ಲ.

ಇನ್ನು ತಾರಸಿ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. 70 ಚದರ ಮೀಟರ್ ಮೇಲೆ 25 ಮಿಲಿಮೀಟರ್ ಬಿದ್ದರೆ 1,750 ಲೀಟರ್. ಒದ್ದೆ, ಆವಿ ಎಂದು ಸ್ವಲ್ಪ ಕಳೆದರೂ 1,500 ಲೀಟರ್ ಹತ್ತಿರ ಬರುತ್ತದೆ. 10 ಚದರ ಮೀಟರ್ ವಿಸ್ತೀರ್ಣದ, 15 ಸೆಂಟಿಮೀಟರ್ ಆಳದ ತಗ್ಗು ಪಾತಿ ಹಿಡಿಯುವುದೂ ಅಷ್ಟೇ. ಗಂಟೆಗೆ 25 ಮಿಲಿಮೀಟರ್ ಇಂಗುವ ಮೂಲೆಯಲ್ಲಿ ಅದು ಆರು ಗಂಟೆಯಲ್ಲಿ ಖಾಲಿ. ಬಾಗಿಲ ಹತ್ತಿರ ಮಾಡಿದ್ದರೆ ಒಂದು ಇಡೀ ದಿನ ಬೇಕಿತ್ತು, ಅದೂ ಅಡಿಪಾಯಕ್ಕೆ ತಾಗಿಕೊಂಡು. ಇಂಗಿಸುವ ತಗ್ಗು ಮನೆಯಿಂದ ಕನಿಷ್ಠ 3 ಮೀಟರ್ ದೂರ ಇರಬೇಕು, ನೀರು ಒಂದೆರಡು ದಿನದೊಳಗೆ ಇಂಗಬೇಕು. ಇಲ್ಲದಿದ್ದರೆ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಪೈಪನ್ನು ನೆಲದಡಿ ಆ ಮೂಲೆಗೆ ತಿರುಗಿಸಿದರು. ತುಂಬಿದರೆ ಹೊರಹೋಗಲು ಒಂದು ಕೋಡಿಯೂ ಇಟ್ಟರು.

ಅವಳ ಹಾಳೆಯಲ್ಲಿದ್ದ ಹುಲ್ಲುಹಾಸು ಹೋಯಿತು. ಪ್ಲಾಸ್ಟಿಕ್ ಹುಲ್ಲು ಹಾಕಬಹುದಲ್ಲ ಎಂಬ ಮಾತು ಬಂತು. ಬಿಸಿಲಿಗೆ ಅದು ನಿಜವಾದ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ ಎಂದ ಮೇಲೆ ದೊಡ್ಡಮ್ಮನೇ ಬೇಡ ಅಂದರು. ಗಿಡಗಳನ್ನು ನೀರಿನ ಅಗತ್ಯಕ್ಕೆ ತಕ್ಕಂತೆ ಗುಂಪು ಮಾಡಿದರು: ತಗ್ಗಿನಲ್ಲಿ ನೆಂದರೂ ಒಣಗಿದರೂ ತಾಳುವ ಸ್ಥಳೀಯ ಹುಲ್ಲುಗಳು, ದಾರಿ ಬದಿಗೆ ಕಡಿಮೆ ನೀರಿನವು, ನೀರು ಕೇಳುವ ನಾಲ್ಕಾರು ಗಿಡ ಮಾತ್ರ ನಲ್ಲಿಯ ಹತ್ತಿರ. ಹೀಗೆ ಗುಂಪು ಮಾಡುವುದು ಮೊದಲೂ ಇತ್ತು. 1981ರಲ್ಲಿ ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ ‘ಝೆರಿಸ್ಕೇಪ್’ ಎಂದು ಹೆಸರಿಟ್ಟು ಪ್ರಚಾರ ಮಾಡಿದ ಮೇಲೆ ತೋಟದ ವಿನ್ಯಾಸದಲ್ಲಿ ಅದು ಪಾಠವಾಯಿತು. ಅವಳ ಪಟ್ಟಿಯಲ್ಲಿ ಬಣ್ಣಕ್ಕೋಸ್ಕರ ಸೇರಿಸಿದ್ದ ಲಂಟಾನ ಹೊಡೆದುಹಾಕಿದೆವು. ಅಲಂಕಾರಕ್ಕೆಂದು ಅಮೆರಿಕದ ಉಷ್ಣವಲಯದಿಂದ ಹೊರಟ ಆ ಗಿಡ ಎಷ್ಟು ಕಾಡುಗಳನ್ನು ನುಂಗಿದೆ ಎಂದು ಬೇರೆ ಹೇಳಬೇಕಿಲ್ಲ.

ಒಳಗಿನ ಗಿಡಗಳು

ಇಲ್ಲಿ ತೋಟದ ಪಾಠ ಒಳಗೆ ಬಂತು. ಹಾಲ್‌ನ ನಾಲ್ಕು ಮೂಲೆಯಲ್ಲಿ ನಾಲ್ಕು ದೊಡ್ಡ ಕುಂಡ, ಪಕ್ಕದಲ್ಲಿ ‘ಗಾಳಿ ಶುದ್ಧಿಗೆ’ ಎಂಬ ಟಿಪ್ಪಣಿ. ಈ ನಂಬಿಕೆಯ ಮೂಲ 1989ರ ನಾಸಾ ಅಧ್ಯಯನ. ಅದನ್ನು ನಡೆಸಿದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ, ಮನೆಯಲ್ಲಲ್ಲ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ 2019ರಲ್ಲಿ ಬಂದ ವಿಮರ್ಶೆಯ ಪ್ರಕಾರ, ಕಿಟಕಿ ಬಾಗಿಲುಗಳಿಂದ ತಾನಾಗಿ ಆಗುವ ಗಾಳಿಯ ಬದಲಾವಣೆಗೆ ಸಮನಾಗಬೇಕಿದ್ದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಗಿಡ ಇಡಿ, ಕಣ್ಣಿಗೆ ಹಿತ. ಗಾಳಿಗೆ ಕಿಟಕಿ ತೆರೆಯಿರಿ.

ಮೂಲೆಯ ಬೆಳಕೂ ಹಾಗೇ. ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ). ಚೆನ್ನಾಗಿ ಬೆಳಗಿದ ಆಫೀಸು 300ರಿಂದ 500. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ನಾಲ್ಕರಲ್ಲಿ ಎರಡು ಗಾಜಿನ ಪಕ್ಕಕ್ಕೆ ಬಂದವು, ಎರಡು ಹೊರಗೆ ಹೋದವು.

ರಾತ್ರಿಗೆ ಇನ್ನೊಂದು ಸಮಸ್ಯೆ. ಒಳಗೆ ದೀಪ, ಹೊರಗೆ ಕತ್ತಲೆ ಇದ್ದರೆ ಗಾಜು ಕನ್ನಡಿಯಾಗುತ್ತದೆ, ಹಿತ್ತಲು ಮಾಯ. ಹಾಗಂತ ಹಿತ್ತಲಿಗೆ ಫ್ಲಡ್‌ಲೈಟ್ ಹಾಕಿದರೆ ಹುಳು ಹುಪ್ಪಟೆಗೂ ಪಕ್ಕದ ಮನೆಯವರಿಗೂ ಕಾಟ. ನೆಲಕ್ಕೆ ಮುಖ ಮಾಡಿದ, ಬೆಚ್ಚನೆಯ ಹಳದಿ ಬೆಳಕಿನ (3,000 ಕೆಲ್ವಿನ್‌ಗಿಂತ ಮೀರದ) ಸಣ್ಣ ದೀಪಗಳು ಮೂರು ಸಾಕಾದವು. ಒಳಗಿನ ದೀಪಕ್ಕೆ ಬೆಳಕು ತಗ್ಗಿಸುವ ಡಿಮ್ಮರ್ ಹಾಕಿಸಿದಳು. ಕೆಲಸ ಕೊಟ್ಟದ್ದು ನಿಜವಾಗಿ ಅದೇ.

ಮಾಡಿಸಿದ ಮೇಲೆ

ಮೊದಲ ತಿಂಗಳು ದೊಡ್ಡಮ್ಮ ಸಿಡಿಮಿಡಿ. ‘ಇಷ್ಟು ಖರ್ಚು ಮಾಡಿ ಬರೀ ಮಣ್ಣು ತೋರಿಸ್ತೀಯಲ್ಲೇ?’ ಹಾಲ್ ಕೆಲಸ ಮುಗಿದ ದಿನವೇ ಫೋಟೊ ತೆಗೆಯುವ ಹಾಗಿತ್ತು. ತೋಟ ಆ ದಿನ ಶುರುವಾಗಿತ್ತಷ್ಟೇ. ಗಿಡ ದೊಡ್ಡದಾದಾಗಿನ ಅಗಲ ನೋಡಿ ಅಂತರ ಬಿಟ್ಟಿದ್ದರಿಂದ ನಡುನಡುವೆ ಖಾಲಿ. ಒಂದು ವರ್ಷದ ಹೂಗಿಡಗಳನ್ನು ಅಲ್ಲಿ ಬಿತ್ತಿ ಅವಳು ಬಚಾವಾದಳು. ಇಂಟೀರಿಯರ್ ಹಿನ್ನೆಲೆಯವರು ಇದಕ್ಕೆ ಮೊದಲೇ ತಯಾರಾಗಬೇಕು. ಹಸ್ತಾಂತರದ ದಿನದ ಚಿತ್ರ ಒಂದನ್ನೇ ತೋರಿಸದೆ ಒಂದನೇ, ಮೂರನೇ, ಏಳನೇ ವರ್ಷದ ಚಿತ್ರಗಳನ್ನೂ ಮನೆಯವರಿಗೆ ತೋರಿಸಬೇಕು.

ಮೊದಲ ಜೋರು ಮಳೆಗೆ ತಗ್ಗು ಪಾತಿ ಲೆಕ್ಕದ ಪ್ರಕಾರವೇ ತುಂಬಿ ಇಂಗಿತು. ಎಡವಟ್ಟಾದದ್ದು ಬಾಗಿಲ ಚರಂಡಿಯಲ್ಲಿ. ನೋಡಲು ಸೊಗಸು ಎಂದು ಕೂದಲೆಳೆಯಂಥ ಸಂದಿಯ ಸ್ಟೀಲ್ ಜಾಲರಿಯನ್ನು ಬಾತ್‌ರೂಮ್ ಕ್ಯಾಟಲಾಗಿನಿಂದ ಆರಿಸಿದ್ದಳು. ಹೊಸ ಬಳ್ಳಿಯ ಎಲೆ ನಾಲ್ಕು ಬಿದ್ದು ಸಂದಿ ಮುಚ್ಚಿತು. ನೀರು ಕಾಲೊರಸಿನವರೆಗೆ ಬಂತು. ಬಾತ್‌ರೂಮಿನಲ್ಲಿ ಎಲೆ ಉದುರುವುದಿಲ್ಲ ತಾನೆ! ಕೈಯಿಂದ ಎತ್ತಬಹುದಾದ, ಅಗಲ ಸಂದಿಯ ಜಾಲರಿ ಹಾಕಿ, ಕೊನೆಯಲ್ಲಿ ಹೂಳು ನಿಲ್ಲುವ ಒಂದು ಡಬ್ಬಿ ಇಟ್ಟ ಮೇಲೆ ಸರಿಹೋಯಿತು.

ಬಳ್ಳಿ ಮೊದಲ ಬೇಸಿಗೆಗೆ ಮರದ ಜಾಲರಿಯ ಅರ್ಧವನ್ನೂ ಮುಚ್ಚಲಿಲ್ಲ. ಆ ವರ್ಷಕ್ಕೆ ನೆರಳುಬಲೆ ಕಟ್ಟಿದರು. ಎರಡನೇ ವರ್ಷ ಬಲೆ ಬಿಚ್ಚಿದರು. ಸಂಜೆ ಹಾಲ್‌ನಲ್ಲಿ ಕೂರಲು ಆಗುತ್ತಿದೆ. ಎಸಿ ತೆಗೆಸಿಲ್ಲ, ತಡವಾಗಿ ಹಾಕುತ್ತಾರೆ.

ಕಲಿಕೆಯ ಬಗ್ಗೆ

ಯಾವುದನ್ನು ಮೊದಲು ಕಲಿಯಬೇಕು ಎಂದು ಕೇಳುವವರು ಬಹಳ. ಶ್ರೀಲಂಕಾದ ಜೆಫ್ರಿ ಬಾವಾ ವಕೀಲರಾಗಿದ್ದವರು. 1940ರ ದಶಕದ ಕೊನೆಯಲ್ಲಿ ಲುನುಗಂಗ ಎಂಬ ಹಳೆಯ ರಬ್ಬರ್ ತೋಟ ಕೊಂಡು, ಅದನ್ನು ತನ್ನ ಮನಸ್ಸಿನಂತೆ ತಿದ್ದಲು ಹೊರಟಾಗ ತನಗೆ ತಾಂತ್ರಿಕ ಜ್ಞಾನ ಸಾಲದು ಎಂದು ಅರಿತು ವಾಸ್ತುಶಿಲ್ಪ ಓದಿದರು. 1957ರಲ್ಲಿ ಅರ್ಹತೆ ಪಡೆದರು. ಅವರ ಕಟ್ಟಡಗಳಲ್ಲಿ ಕೋಣೆ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ತೋಟದಿಂದ ಒಳಗೆ ಬಂದವರು ಅವರು. ಈ ವಿದ್ಯಾರ್ಥಿನಿ ಒಳಗಿನಿಂದ ಹೊರಗೆ ಹೋದಳು. ಎರಡೂ ದಾರಿ ಸರಿಯೇ.

ಆದರೆ ಸಾಫ್ಟ್‌ವೇರ್ ಕೊನೆಗಿರಲಿ ಎಂಬುದು ನನ್ನ ಹಟ. ಮೊದಲು ಮಟ್ಟ ಹಿಡಿಯುವುದು, ಮಣ್ಣು ಅಗೆಯುವುದು, ನೆರಳಿನ ಗೆರೆ ಎಳೆಯುವುದು ಬರಲಿ. ಕಂಪ್ಯೂಟರಿನ ಮರಕ್ಕೆ ಬೇರಿಲ್ಲ. ಯಾವ ಮೂಲೆಯಲ್ಲಿಟ್ಟರೂ ಹಸಿರಾಗೇ ಇರುತ್ತದೆ. ಎರಡೂ ಕೋರ್ಸನ್ನು ಒಟ್ಟಿಗೆ ಮಾಡುವವರು ಸಾಧ್ಯವಾದರೆ ಎರಡೂ ಪ್ರಾಜೆಕ್ಟಿಗೆ ಒಂದೇ ಜಾಗ ಆರಿಸಿಕೊಳ್ಳಿ, ಈ ಹುಡುಗಿ ಮಾಡಿದ ಹಾಗೆ. ಮತ್ತು ಎರಡು ಹಾಳೆಯನ್ನೂ ಅಂಕ ಬರುವುದಕ್ಕೆ ಮೊದಲೇ ಪಕ್ಕಪಕ್ಕ ಇಟ್ಟು ನೋಡಿ.

ನಿರ್ವಹಣೆಗೆ ಅವಳು ಒಂದು ಪುಟದ ಕ್ಯಾಲೆಂಡರ್ ಬರೆದು ಅಡುಗೆಮನೆ ಬಾಗಿಲಿನ ಹಿಂದೆ ಅಂಟಿಸಿದ್ದಾಳೆ: ಚರಂಡಿಯ ಜಾಲರಿ ಯಾವಾಗ ಎತ್ತಿ ತೊಳೆಯಬೇಕು, ಮುಚ್ಚಿಗೆ ಯಾವಾಗ ಹೊಸದು, ಮರದ ಬುಡದಿಂದ ಅದನ್ನು ಎಷ್ಟು ದೂರ ಇಡಬೇಕು, ಬಳ್ಳಿ ಸವರುವ ತಿಂಗಳು. ಮರ ಏಳೆಂಟು ವರ್ಷಕ್ಕೆ ಚಪ್ಪರದ ಹೊರ ಅಂಚನ್ನು ತಲುಪುತ್ತದೆ ಎಂದು ಅವಳ ಅಂದಾಜು. ಅದಕ್ಕೇ ಆ ಕಡೆಯ ತೊಲೆಯನ್ನು ಮೊಳೆ ಹೊಡೆಯದೆ ಬೋಲ್ಟ್ ಹಾಕಿ ಕೂರಿಸಿದ್ದಾಳೆ, ಬೇಕಾದಾಗ ಬಿಚ್ಚಿ ಚಪ್ಪರವನ್ನು ಚಿಕ್ಕದು ಮಾಡಲು.